ಎಂಜಿನ್ನಿನ ಮೂಗು, ಅವ್ವನ ನಿದ್ದೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ತಮ್ಮ ಬಸು ಆಕಳಿಸಿದ. ಗದ್ವಾಲಿನಿಂದ ಮಕ್ತಲಿಗೆ ಬರುವ ದಾರಿಯಲ್ಲಿ, ನಮ್ಮ ಹಳೆಯ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ, ಅವ್ವನ ತೊಡೆಯ ಮೇಲೆ ಕುಳಿತು ಆಕಳಿಸಿದ. ಶಾಲೆಯಲ್ಲಿ ನಮಗೆ ಗಡಿಯಾರ ನೋಡುವುದನ್ನು ಆಗಷ್ಟೇ ಕಲಿಸಿದ್ದರು. ಆ ಹುರುಪಿನಲ್ಲಿ ನಾನು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಪುಟ್ಟ ಗಡಿಯಾರವನ್ನು ಗಳಿಗೆಗೊಮ್ಮೆ ಓದಿ ಎಲ್ಲರಿಗೂ ವೇಳೆ ಹೇಳುತ್ತಿದ್ದೆ. ಹಾಗಾಗಿ ಆ ಆಕಳಿಕೆಯ ವೇಳೆ ಮಾತ್ರ ನನ್ನಲ್ಲಿ ಮೊಳೆ ಹೊಡೆದಂತೆ ಉಳಿದಿದೆ. ಅವನ ಹಿಂದೆ ಅವ್ವ ಆಕಳಿಸಿದಳು, ಅವಳ ಹಿಂದೆ ಆಯಿ, ಆಮೇಲೆ ನಾನು. ಮುಂದೆ ಕುಳಿತಿದ್ದ ಶಿವು ಕಾಕಾನೂ ಸ್ಟೇರಿಂಗ್ ಹಿಡಿದಿದ್ದ ಅಪ್ಪನೂ ಕೊನೆಗೆ ಬಾಯಿ ತೆರೆದರು. ಹೋಳಿಗೆ ಊಟದ ನಿದ್ದೆ ಎಂದು ನಾವೆಲ್ಲ ನಕ್ಕೆವು. ಹಾಗೆ ನಗುತ್ತಲೇ ಸಾಯುವ ಕಡೆಗೆ ಹೊರಟಿದ್ದೆವು ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಓದುವವರು ಗಾಬರಿಯಾಗಬಾರದು. ಬಸು ಇದ್ದಾನೆ, ಚೆನ್ನಾಗಿದ್ದಾನೆ, ಅವನ ಗೊರಕೆಯ ಬಗ್ಗೆ ಅವನ ಹೆಂಡತಿ ನನಗೆ ಫೋನಿನಲ್ಲಿ ದೂರು ಹೇಳುತ್ತಾಳೆ. ನಾನು ಈಗ ನಾರಾಯಣಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲದ ಹೆಸರನ್ನು ಬೋರ್ಡಿನ ಮೇಲೆ ಬರೆಯುವಾಗ ಇಂದಿಗೂ ಕೈಯಲ್ಲಿನ ಸುಣ್ಣದಕಡ್ಡಿ ಒಂದು ಕ್ಷಣ ನಿಲ್ಲುತ್ತದೆ. ಯಾರ ಕಾರಿನಲ್ಲಿ ಕುಳಿತರೂ ನನ್ನ ಕಡೆಯ ಗಾಜನ್ನು ಒಂದು ಬೆರಳಷ್ಟು ಇಳಿಸುತ್ತೇನೆ. ಎಸಿ ಹಾಕೀವ್ರಿ ಮೇಡಂ ಅಂದರೂ ಇಳಿಸುತ್ತೇನೆ. ಬಸ್ಸಿನಲ್ಲಿ ಪಕ್ಕದವರ ಮಗು ತುಂಬಾ ಹೊತ್ತು ಅಲುಗದೆ ಮಲಗಿದ್ದರೆ ಅದರ ಕಾಲನ್ನು ಮೆಲ್ಲಗೆ ಮುಟ್ಟಿ ನೋಡುತ್ತೇನೆ. ಆ ತಾಯಂದಿರು ನನ್ನನ್ನು ಮುದ್ದು ಮಾಡುವಾಕೆ ಎಂದುಕೊಳ್ಳುತ್ತಾರೆ. ಅವತ್ತು ಬಸು ಎದ್ದ. ಆದರೆ ಅವತ್ತಿನಿಂದ ನಮ್ಮವ್ವ ಮಲಗುವುದನ್ನು ಮರೆತಳು. ನಾನು ಹೇಳಹೊರಟಿರುವುದು ಆ ನಿದ್ದೆ ಹೋದ ಬಗೆ ಮತ್ತು ಬಂದ ಬಗೆ.

ನಮ್ಮ ಮನೆ ಮಕ್ತಲಿನಲ್ಲಿ, ರಾಯಚೂರು ರಸ್ತೆಗೆ ಮುಖ ಮಾಡಿಕೊಂಡಿತ್ತು. ಮುಂದೆ ತಗಡಿನ ಶೆಡ್ಡು, ಅದು ಅಪ್ಪನ ಗ್ಯಾರೇಜು. ಅದರ ಹಿಂದೆ ಪರಸಿಕಲ್ಲು ಹಾಸಿದ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಒಂದು ಕೋಣೆ, ಹಿಂದೆ ಅಂಗಳ. ಶೆಡ್ಡಿಗೂ ಪಡಸಾಲೆಗೂ ನಡುವೆ ಒಂದು ಹೊಸ್ತಿಲಿತ್ತು. ಅವ್ವ ಆ ಹೊಸ್ತಿಲ ಪಕ್ಕದಲ್ಲಿ ಒಂದು ಬಕೆಟ್ ನೀರು, ಬಟ್ಟೆ ಸಾಬೂನು ಇಟ್ಟಿರುತ್ತಿದ್ದಳು. ಗ್ರೀಸಿನ ಕೈ ಅಲ್ಲಿಂದ ಈಚೆಗೆ ಬರಬಾರದು, ಬಂದರೆ ಅವತ್ತು ರೊಟ್ಟಿ ಇಲ್ಲ. ಅಪ್ಪನೂ ಶಿವು ಕಾಕಾನೂ ಮೊಣಕೈವರೆಗೆ ತೊಳೆದುಕೊಂಡು ಬಂದು ಕೈ ತೋರಿಸಿಯೇ ಊಟಕ್ಕೆ ಕೂರುತ್ತಿದ್ದರು. ಇಷ್ಟೆಲ್ಲ ಮಾಡಿದರೂ ನಮ್ಮ ಮನೆಯ ಪುಂಡಿಪಲ್ಯಕ್ಕೆ ಡೀಸೆಲ್ಲಿನ ಸಣ್ಣ ವಾಸನೆ ಇತ್ತೆಂದು ಗದ್ವಾಲಿನ ಸೋದರತ್ತೆ ಹೇಳುತ್ತಿದ್ದಳು. ಬೇರೆಯವರ ಮನೆಯಲ್ಲಿ ಆ ವಾಸನೆ ಇಲ್ಲದ ಪಲ್ಯ ತಿಂದಾಗ ನನಗೆ ಏನೋ ಹಾಕಲು ಮರೆತಿದ್ದಾರೆ ಅನ್ನಿಸುತ್ತಿತ್ತು.

ಆಯಿ ಎಂದರೆ ಅಪ್ಪನ ತಾಯಿ. ಮಕ್ಕಳು ಮೊಮ್ಮಕ್ಕಳು ಎಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದೆವು. ಹೊಸ್ತಿಲ ಈಚೆ ಅವ್ವನ ರಾಜ್ಯವಾದರೆ, ದೇವರ ಜಗಲಿ ಆಯಿಯ ಸಂಸ್ಥಾನ. ಮನೆಗೆ ಯಾವ ಹೊಸ ವಸ್ತು ಬಂದರೂ ಅದು ಮೊದಲು ಜಗಲಿಯ ಮೇಲೆ ಕೂರಬೇಕು, ವಿಭೂತಿ ಹಚ್ಚಿಸಿಕೊಳ್ಳಬೇಕು, ಆಮೇಲೆ ಕೆಲಸಕ್ಕೆ ಹೋಗಬೇಕು. ಒಮ್ಮೆ ಯಾರದೋ ಜೀಪಿನ ಕ್ಲಚ್ ಪ್ಲೇಟು ಬಸವಣ್ಣನ ಪಕ್ಕದಲ್ಲಿ ಹೂವು ಏರಿಸಿಕೊಂಡು ಕುಳಿತಿತ್ತು. ಅವತ್ತು ಅಮಾವಾಸ್ಯೆ, ನಾಳೆ ಕೊಡುತ್ತೇನೆ ಎಂದು ಆಯಿ ಹಟ ಹಿಡಿದಿದ್ದಳು. ಜೀಪಿನವನು ನಮ್ಮ ಪಡಸಾಲೆಯಲ್ಲೇ ಊಟ ಮಾಡಿ ಮಲಗಿ ಮರುದಿನ ಹೋದ. ಅಂಥ ಮನೆ.

ಆ ವರ್ಷ ದಸರೆಗೆ ಸ್ವಲ್ಪ ಮೊದಲು ನಮ್ಮ ಕಾರಿನ ಎಗ್ಜಾಸ್ಟ್ ಮ್ಯಾನಿಫೋಲ್ಡ್ ಸೀಳಿತು. ಎಂಜಿನ್ನಿನಿಂದ ಸುಟ್ಟ ಹೊಗೆ ಹೊರಬಂದು ಸೈಲೆನ್ಸರಿಗೆ ಹೋಗುವ ಮೊದಲ ಬೀಡುಕಬ್ಬಿಣದ ಕೊಳವೆ ಅದು. ಶಿವು ಕಾಕಾ, ಅಪ್ಪನ ತಮ್ಮ, ಹೈದರಾಬಾದಿಗೆ ಹೋದವನು ಅದರ ಬದಲು ಬೇರೆಯದನ್ನೇ ತಂದ. ಕಂಪನಿಯದಲ್ಲ, ಹೊರಗಿನವರು ಮಾಡಿದ ಸ್ಟೀಲಿನದು. ಫಳಫಳ ಹೊಳೆಯುವ ನಾಲ್ಕು ಕೊಳವೆಗಳು ಬಾಗಿ ಬಳುಕಿ ಕೆಳಗೆ ಒಂದಾಗುತ್ತಿದ್ದವು. ಅವನು ಅದನ್ನು ಹಸುಗೂಸಿನಂತೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.

"ಅಣ್ಣಾ, ಇದು ಹಾಕಿದ್ರ ಗಾಡಿ ಹುಲಿ ಆಕೈತಿ ನೋಡು. ದಮ್ಮು ಬರ್ತೈತಿ, ಸಪ್ಪಳಾನೂ ಬರ್ತೈತಿ."

"ಸಪ್ಪಳ ಈಗೂ ಬೇಕಾದಷ್ಟೈತಲ್ಲೋ," ಅಂದಳು ಅವ್ವ ಅಡುಗೆಮನೆಯಿಂದ.

ಒಂದೇ ತೊಡಕು. ಹಳೆಯ ಮ್ಯಾನಿಫೋಲ್ಡಿನಲ್ಲಿ ಆಕ್ಸಿಜನ್ ಸೆನ್ಸರ್ ಕೂರಲು ಮೇಲೆಯೇ ತೂತಿತ್ತು, ಹೊಸದರಲ್ಲಿ ಇರಲಿಲ್ಲ. ನಾಲ್ಕು ಕೊಳವೆ ಕೂಡಿದ ಮೇಲೆ, ಕೆಳಗೆ ಪೈಪಿಗೆ ತೂತು ಕೊರೆದು, ಅಲ್ಲೊಂದು ನಟ್ಟು ವೆಲ್ಡ್ ಮಾಡಿ, ಸೆನ್ಸರನ್ನು ಅಲ್ಲಿಗೆ ಇಳಿಸಬೇಕಾಯಿತು. ವೈರು ಸಾಲದೆ ಉದ್ದ ಮಾಡಿದರು. ಕಾಕಾ ಅಷ್ಟಕ್ಕೇ ಬಿಡಲಿಲ್ಲ. ಸೆನ್ಸರ್ ಏನು ಹೇಳುತ್ತದೆ ಎಂದು ಕುಳಿತಲ್ಲೇ ನೋಡಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಮುಳ್ಳಿನ ಮೀಟರ್ ಇಟ್ಟ. ಅದರ ವೈರು ಬರಲು ಎಂಜಿನ್ನಿಗೂ ನಮಗೂ ನಡುವಿನ ತಗಡಿನಲ್ಲಿ ಒಂದು ತೂತು ಕೊರೆದ. ತೂತಿನ ಸಂದಿ ಮುಚ್ಚಲು ರಬ್ಬರ್ ಬೇಕಿತ್ತು, ಹಬ್ಬ ಕಳೆದ ಮೇಲೆ ತರೋಣ ಎಂದ. ಇದನ್ನೆಲ್ಲ ಆಯಿ ಹೊಸ್ತಿಲ ಮೇಲೆ ಕುಳಿತು ಬತ್ತಿ ಹೊಸೆಯುತ್ತ ನೋಡುತ್ತಿದ್ದಳು.

"ಅದೇನೋ ವೀರೇಶಿ, ಆ ಬೆರಳಿನಂಥಾದ್ದು?" ಎಂದು ಅಪ್ಪನನ್ನು ಕೇಳಿದಳು.

"ಅದು ಎಂಜಿನ್ನಿನ ಮೂಗು, ಆಯಿ. ಹೊಗಿ ಮೂಸಿ ನೋಡಿ ಪೆಟ್ರೋಲು ಎಷ್ಟು ಬಿಡಬೇಕಂತ ಹೇಳ್ತೈತಿ."

"ಮತ್ತ ಮೂಗು ಕಿತ್ತು ಮೊಣಕಾಲಿಗೆ ಹಚ್ಚಾಕತ್ತೀರಲ್ಲೋ!"

ಕಾಕಾ ಕಾರಿನ ಅಡಿಯಲ್ಲಿ ಮಲಗಿಕೊಂಡೇ ನಕ್ಕು ಕಣ್ಣಿಗೆ ಧೂಳು ಬೀಳಿಸಿಕೊಂಡ. ಆದರೆ ಸಂಜೆ ಕಾರನ್ನು ಪೇಟೆಯ ಸುತ್ತ ಒಂದು ಸುತ್ತು ಓಡಿಸಿ ತಂದಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿಕೊಂಡಿತ್ತು. ಅದನ್ನು ಮೊದಲು ನೋಡಿದವಳು ಅವ್ವ.

"ಅದ್ಯಾಕ್ರಿ ಆ ದೀಪ ಹತ್ತೈತಿ?"

"ಮೂಗಿನ ಜಾಗ ಬದ್ಲಾಗೈತಿ. ಹೊಂದ್ಕೊಳ್ಳಾಕ ಒಂದೆರಡು ದಿನ ಬೇಕು. ಹೊಸಾ ಸೊಸಿ ಇದ್ದಂಗ," ಅಂದ ಅಪ್ಪ.

"ಹೊಸಾ ಸೊಸಿ ಸುಮ್ಮಸುಮ್ಮನ ಅಳಾಂಗಿಲ್ರಿ. ಏನೋ ಇದ್ರನ ಅಳ್ತಾಳ."

ಕಾಕಾ ಒಳಗೆ ಹೋಗಿ ಅವ್ವನ ಕನ್ನಡಿಗೆ ಅಂಟಿಸಿದ್ದ ಹಣೆಗಿಡುವ ದೊಡ್ಡದೊಂದು ಟಿಕಳಿ ಕಿತ್ತು ತಂದು ಆ ದೀಪದ ಮೇಲೆ ಅಂಟಿಸಿದ. "ಈಗ ನೋಡ್ರಿ ವೈನಿ, ಗಾಡಿ ಮುತ್ತೈದಿ ಆತು." ಅವ್ವನಿಗೂ ನಗು ತಡೆಯಲಾಗಲಿಲ್ಲ. ಅವಳು ಆಗ ನಕ್ಕದ್ದನ್ನು ಆಮೇಲೆ ಬಹಳ ಸಲ ನೆನೆದಳು.

ಮರುದಿನ ಮಹಾನವಮಿ, ಖಂಡೇಪೂಜೆ. ನಮ್ಮಂಥ ಗ್ಯಾರೇಜಿನ ಮನೆಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆಯಿ ಬೆಳಗಿನ ಜಾವದಲ್ಲೇ ಎದ್ದು ಶೆಡ್ಡಿನಲ್ಲಿದ್ದ ಪ್ರತಿಯೊಂದು ಪಾನಾ, ಸುತ್ತಿಗೆ, ಇಕ್ಕಳವನ್ನೂ, ಕಾರಿನ ಡಿಕ್ಕಿಯಲ್ಲಿದ್ದ ಹತ್ಯಾರದ ಚೀಲವನ್ನೂ ಒಳಗೆ ತಂದು, ಸೀಗೆಪುಡಿ ಹಾಕಿ ಉಜ್ಜಿ, ಒರೆಸಿ, ಜಗಲಿಯ ಮುಂದೆ ಸಾಲಾಗಿ ಇಟ್ಟಿದ್ದಳು. ಪ್ರತಿಯೊಂದಕ್ಕೂ ಮೂರು ಗೆರೆ ವಿಭೂತಿ, ಚೆಂಡುಹೂವು. ಬೋಲ್ಟ್ ತಿರುವುವ ಪಾನಾಗಳು ನೀಟಾಗಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಮದುವೆಗೆ ನಿಂತ ಬೀಗರಂತೆ ಕಾಣುತ್ತಿದ್ದವು. ಒಮ್ಮೆ ಪೂಜೆಗೆ ಕುಳಿತ ಹತ್ಯಾರವನ್ನು ಮರುದಿನ ದಸರೆಯವರೆಗೆ ಮುಟ್ಟುವಂತಿಲ್ಲ. ಅದು ಆಯಿಯ ಅತ್ತೆಯ ಕಾಲದಿಂದ ಬಂದ ಕಟ್ಟು.

ಅಪ್ಪ ಸ್ನಾನ ಮಾಡಿ ಬಂದು ಕಾರು ಶುರು ಮಾಡಿ ನೋಡಿದ. ಎಂಜಿನ್ನಿನೊಳಗಿಂದ ಟಿಕ್ ಟಿಕ್ ಎಂದು ಪಲ್ಲಿ ಲೊಚಗುಟ್ಟಿದಂಥ ಸದ್ದು ಬರುತ್ತಿತ್ತು. ಅದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಮ್ಯಾನಿಫೋಲ್ಡನ್ನು ಕೂರಿಸಿ ಬಿಗಿ ಮಾಡಿದರೆ ಕೆಲಸ ಮುಗಿಯುವುದಿಲ್ಲ. ಎಂಜಿನ್ ಕಾದಾಗ ಕಬ್ಬಿಣ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಸಂದಿ ಮುಚ್ಚುವ ನಡುವಿನ ಗ್ಯಾಸ್ಕೆಟ್ ಒತ್ತಿ ಕೂರುತ್ತದೆ, ಬೋಲ್ಟು ಸಡಿಲಾಗುತ್ತದೆ. ಆರಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಅವನು ಒಳಗೆ ಬಂದು ಜಗಲಿಯ ಮುಂದೆ ನಿಂತ.

"ಆಯಿ, ಒಂದು ಹನ್ನೆರಡು ನಂಬರಿನ ಪಾನಾ ಕೊಡು. ಎರಡು ನಿಮಿಷದ ಕೆಲಸ."

"ಕುಂತ ದೇವರನ್ನ ಎಬ್ಬಿಸಿ ಬೋಲ್ಟ್ ತಿರುವಾಕ ಕರ್ಕೊಂಡು ಹೋಗ್ತಿಯೇನೋ? ನಾಳಿ ಎಬ್ಬಸ್ತೀನಿ, ನಾಳಿ ತಿರುವು."

"ನಿನ್ನಿ ಬಿಗಿ ಮಾಡಿದ್ದು ಆರೈತಿ ಆಯಿ. ಇನ್ನೊಮ್ಮೆ ಬಿಗಿ ಮಾಡ್ಬೇಕಾಕೈತಿ."

"ಹಂಗಾದ್ರ ನಿನ್ನಿ ಮಾಡಿದ್ದು ಬಿಗಿ ಅಲ್ಲೇನು?"

"ಗದ್ವಾಲಿಗೆ ಹೋಗಿ ಬರಾಕ ಏನಾಕೈತಿ ಬಿಡಣ್ಣ," ಅಂದ ಕಾಕಾ. "ಬಿಸಿಯಾದ್ರ ಸಪ್ಪಳ ತಾನ ಹೋಗ್ತೈತಿ."

ಸಪ್ಪಳ ನಿಜವಾಗಿಯೂ ಹೋಯಿತು. ಅದೇ ಮೋಸವಾದದ್ದು.

ಗದ್ವಾಲಿನಲ್ಲಿ ಅತ್ತೆಯ ಮನೆಯಲ್ಲಿ ಅವತ್ತು ನಾವು ಉಂಡದ್ದನ್ನು ನೆನೆದರೆ ಈಗಲೂ ಹೊಟ್ಟೆ ಭಾರವಾಗುತ್ತದೆ. ತುಪ್ಪ ಸುರಿದ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಬೇಡ ಎಂದು ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ಅತ್ತೆ ತುಪ್ಪ ಬಿಡುತ್ತಿದ್ದಳು. ಹೊರಡುವಾಗ ಅವ್ವನಿಗೆ ಕೆನೆಬಣ್ಣದ, ಜರಿಯಂಚಿನ ಗದ್ವಾಲ್ ಸೀರೆ ಉಡಿಸಿಯೇ ಕಳಿಸಿದಳು. ರಾಜೋಳಿಯಲ್ಲಿದ್ದ ಅವರ ಹೊಲದ ಒಣಮೆಣಸಿನಕಾಯಿಯನ್ನು ಒಂದು ಚೀಲದಲ್ಲಿ ಕಟ್ಟಿಕೊಟ್ಟಳು. ಬರುವ ದಾರಿಯಲ್ಲಿ ರಸ್ತೆ ಅಗೆದಿದ್ದರು. ಲಾರಿಗಳು ಎಬ್ಬಿಸಿದ ಕೆಂಧೂಳು ಹೊಸ ಸೀರೆಯ ಮೇಲೆ ಕೂರಬಾರದೆಂದು ಎಲ್ಲ ಗಾಜು ಏರಿಸಿದೆವು. ಹೋಗುವಾಗ ಗಾಜು ಇಳಿದಿದ್ದವು, ಹಾಗಾಗಿ ಏನೂ ಆಗಿರಲಿಲ್ಲ.

ಬಸುವಿನ ಆಕಳಿಕೆ ಆದದ್ದು ಆಗ. ಮೊದಲು ಎಲ್ಲ ಹಗುರವಾಗಿಯೇ ಇತ್ತು. ಅತ್ತೆಯ ಹೋಳಿಗೆಯಲ್ಲಿ ಮತ್ತಿನ ಪುಡಿ ಹಾಕಿದ್ದಾಳೆ ಎಂದು ಕಾಕಾ ಹೇಳಿದ. ಅವ್ವ ಹಣೆ ಒತ್ತಿಕೊಂಡು ತಲೆ ಸಿಡಿಯುತ್ತಿದೆ ಅಂದಳು. ನನಗೂ ಕಣ್ಣಿನ ಹಿಂದೆ ಯಾರೋ ಮೆಲ್ಲಗೆ ಸುತ್ತಿಗೆ ಬಡಿಯುತ್ತಿದ್ದಂತಿತ್ತು. ಆದರೆ ಅದು ಹಿತವಾದ ಭಾರವೂ ಆಗಿತ್ತು, ಗಡಿಯಾರ ಓದುವ ಹುರುಪು ಹೋಗಿತ್ತು. ಜುರಾಲ ಅಣೆಕಟ್ಟಿನ ಮೇಲೆ ಬಂದಾಗ ನೀರು ನೋಡೋ ಎಂದು ಆಯಿ ಬಸುವನ್ನು ಅಲುಗಿಸಿದಳು. ನೀರೆಂದರೆ ಕುಣಿಯುವ ಹುಡುಗ ಕಣ್ಣು ತೆರೆಯಲಿಲ್ಲ. ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆದು ಹೋಯಿತು, ಅದಕ್ಕೂ ಇಲ್ಲ. ಅವ್ವ ಅವನ ಗಲ್ಲ ತಟ್ಟಿದಳು. ಅವನ ಕುತ್ತಿಗೆ ಅವಳ ತೋಳಿನಿಂದ ಜಾರಿ ಹಿಂದಕ್ಕೆ ಬಿತ್ತು. ನಾನು ಮತ್ತೆ ಮತ್ತೆ ನೋಡುವುದು ಅದನ್ನೇ, ಆ ಕುತ್ತಿಗೆಯನ್ನು.

"ಬಸು! ಏ ಬಸು! ಏನ್ರಿ, ಹುಡುಗ ಏಳವಲ್ಲ!"

"ದೃಷ್ಟಿ ಆಗೈತಿ," ಅಂದಳು ಆಯಿ. "ಪಂಕ್ತಿಯೊಳಗ ಎದುರಿಗೆ ಕುಂತಾಕಿ ಹುಡುಗನ್ನ ನುಂಗೋಹಂಗ ನೋಡಾಕತ್ತಿದ್ಲು. ಗಾಡಿ ನಿಲ್ಲಸು."

"ಮನಿ ಬಂತು ಆಯಿ, ಸೀದಾ ದವಾಖಾನಿಗೆ ಹೋಗೋಣು."

"ನಿಲ್ಲಸು ಅಂದೆ!" ಆಯಿ ಹಿಂದಿನಿಂದ ಅಪ್ಪನ ಅಂಗಿಯ ಕಾಲರ್ ಹಿಡಿದು ಎಳೆದಳು. ಅಪ್ಪ ಅಣೆಕಟ್ಟು ದಾಟಿ ಹೊಲದ ಬದಿಗೆ ಕಾರು ನಿಲ್ಲಿಸಿದ. ಬೇಗ ಹೊರಡಬೇಕೆಂದು ಎಂಜಿನ್ ಆರಿಸಲಿಲ್ಲ. ಆಯಿ ಚೀಲದಿಂದ ಮುಷ್ಟಿ ತುಂಬ ಮೆಣಸಿನಕಾಯಿ ತೆಗೆದು ಬಸುವಿಗೆ ನಿವಾಳಿಸಿ ಇಳಿತೆಗೆದಳು. ಇಳಿತೆಗೆದ ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಬೇಕು. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಆಗಿದೆ ಎಂದು ಲೆಕ್ಕ. ನಮ್ಮನ್ನೆಲ್ಲ ಇಳಿಸಿ, ಧೂಳಿಗೆಂದು ಬಾಗಿಲು ಮುಚ್ಚಿ ಅವ್ವನನ್ನೂ ಬಸುವನ್ನೂ ಒಳಗೇ ಬಿಟ್ಟು ಹೊರಗೆ ನಿಂತು ಕೇಳಿದಳು.

"ಕಡ್ಡಿಪೆಟ್ಟಿಗಿ ಯಾರ ಹತ್ರರೆ ಐತೇನು?"

ಕಾಕಾನ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಅವನು ಸಿಗರೇಟು ಸೇದುವುದು ಆಯಿಯನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಹುಡುಗ ಏಳದಿರುವ ಆ ಗಳಿಗೆಯಲ್ಲೂ ಅವನ ಕೈ ಜೇಬಿಗೆ ಹೋಗಿ ಹಾಗೇ ವಾಪಸು ಬಂದದ್ದನ್ನು ನಾನು ಕಂಡೆ. ಅವನು ಓಡಿಹೋಗಿ ಬಾನೆಟ್ ಎತ್ತಿದ.

"ಕಡ್ಡಿ ಯಾಕ ಬೇಕು ಆಯಿ? ಇಲ್ಲೇ ಕಾದ ಒಲಿ ಐತಿ, ಹಾಕು!"

ಆಯಿ ಮ್ಯಾನಿಫೋಲ್ಡಿನ ನಾಲ್ಕು ಕೊಳವೆಗಳ ಮೇಲೆ ಮೆಣಸಿನಕಾಯಿ ಸುರಿದಳು. ಅವು ಕಪ್ಪಾಗಿ ಹೊಗೆಯೆದ್ದಿತು. ಹೊಲದ ಗಾಳಿಗೆ ನಮಗಾರಿಗೂ ಘಾಟು ಹತ್ತಲಿಲ್ಲ. "ನೋಡು, ನಾ ಹೇಳಲಿಲ್ಲೇನು, ಘಾಟ ಇಲ್ಲ!" ಎಂದು ಆಯಿ ಹೇಳಿ ಮುಗಿಸುವುದರೊಳಗೆ ಕಾರಿನೊಳಗೆ ಅವ್ವ ಎದೆ ಹರಿದುಹೋಗುವಂತೆ ಕೆಮ್ಮತೊಡಗಿದಳು. ಬಾಗಿಲು ಒದ್ದುಕೊಂಡು ಬಸುವನ್ನು ಎತ್ತಿಕೊಂಡು ಹೊರಬಿದ್ದಳು. ಮೂಗಿನಿಂದ ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಘಾಟೆಲ್ಲಾ ಒಳಗ ಬರಾಕತ್ತೈತ್ರಿ!"

ಅಪ್ಪ ಕಾರಿನೊಳಗೆ ಬಗ್ಗಿ ನೋಡಿದ. ಕಾಕಾ ಕೊರೆದ ತೂತಿನಿಂದ, ಮೀಟರಿನ ವೈರಿನ ಜೊತೆಗೆ, ಕಪ್ಪು ಹೊಗೆ ನೂಲಿನಂತೆ ಒಳಗೆ ಇಳಿಯುತ್ತಿತ್ತು. ಆಮೇಲೆ ಬಾನೆಟ್ಟಿನ ಕಡೆ ಬಂದು ನಿಂತ. ಕೊಳವೆ ಎಂಜಿನ್ನಿಗೆ ಕೂಡುವ ಒಂದು ಕಡೆ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಪಟಪಟ ಅಲುಗುತ್ತಿತ್ತು, ಕೆಳಗಿನಿಂದ ಯಾರೋ ಊದುತ್ತಿದ್ದಂತೆ. ಅವನು ಎಂಜಿನ್ ಆರಿಸಿ ರಸ್ತೆಯ ಮೇಲೆ ಕುಳಿತುಬಿಟ್ಟ. ಮೆಣಸಿನಕಾಯಿಯ ಹೊಗೆ ಬಂದ ದಾರಿಯಲ್ಲೇ ಇಷ್ಟು ಹೊತ್ತೂ ಎಂಜಿನ್ನಿನ ಹೊಗೆಯ ವಿಷವೂ ಬಂದಿತ್ತು, ಕಣ್ಣಿಗೆ ಕಾಣದ್ದು. ಸಂದಿಯಿಂದ ಗಾಳಿ ಹೊಕ್ಕು ಕೆಳಗಿನ ಸೆನ್ಸರಿಗೆ ತಪ್ಪು ತಿಳಿದು, ಎಂಜಿನ್ ಪೆಟ್ರೋಲನ್ನು ಹೆಚ್ಚು ಹೆಚ್ಚು ಕುಡಿದು, ಆ ವಿಷವನ್ನು ಇನ್ನಷ್ಟು ಕಾರಿತ್ತು. ಟಿಕಳಿಯ ಹಿಂದಿನ ದೀಪ ಅದನ್ನೇ ಹೇಳುತ್ತಿತ್ತು.

ಅವ್ವ ಬಸುವನ್ನು ಬದುವಿನ ಮೇಲೆ ಮಲಗಿಸಿ ಹೊಸ ಸೀರೆಯ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅದು ಎಷ್ಟು ಹೊತ್ತೆಂದು ಹೇಳಲಾರೆ. ನನಗೆ ಗಡಿಯಾರ ನೋಡುವುದು ಮರೆತುಹೋಗಿತ್ತು. ಬಸು ಒಮ್ಮೆ ಉಸಿರೆಳೆದು, ಮುಖ ಕಿವುಚಿ, ಉಂಡ ಹೋಳಿಗೆಯನ್ನೆಲ್ಲ ಆ ಕೆನೆಬಣ್ಣದ ಸೀರೆಯ ಮೇಲೆ ಕಾರಿದ. ಆಮೇಲೆ ಕಣ್ಣು ತೆರೆದು ಸಿಟ್ಟಿನಿಂದ ಕೇಳಿದ.

"ಯವ್ವಾ, ಯಾರು ಒಗ್ಗರಣಿ ಹಾಕ್ಯಾರ?"

ಅವ್ವ ಅಳುತ್ತ ನಕ್ಕಳು. ಸೀರೆ ಹೋದರೆ ಹೋಯಿತು. ಆ ಕಾರನ್ನು ಹಾಗೇ ಓಡಿಸುವಂತಿಲ್ಲ. ಎಲ್ಲ ಹತ್ಯಾರ ಆಯಿಯ ಜಗಲಿಯ ಮುಂದೆ ಹೂವು ಮುಡಿದು ಕುಳಿತಿದ್ದವು. ಮಕ್ತಲಿನ ಮೇಸ್ತ್ರಿ ಒಂದು ಪಾನಾ ಇಲ್ಲದೆ ತನ್ನ ಕಾರಿನ ಪಕ್ಕದಲ್ಲಿ ನಿಂತಿದ್ದ. ಕಾಕಾನನ್ನು ಕಾವಲಿಗೆ ಬಿಟ್ಟು ನಾವು ಜೋಳದ ಸೊಪ್ಪೆ ತುಂಬಿದ ಟ್ರ್ಯಾಕ್ಟರಿನ ಮೇಲೆ ಊರಿಗೆ ಬಂದೆವು. ಡಾಕ್ಟರು ಬಸುವಿನ ಕಣ್ಣು ಬಿಡಿಸಿ ನೋಡಿ, ಮೂಗಿಗೆ ಆಕ್ಸಿಜನ್ ಹಿಡಿಸಿ, ನಡೆದದ್ದನ್ನೆಲ್ಲ ಕೇಳಿದರು. ಆಮೇಲೆ ತೆಲುಗಿನಲ್ಲಿ "ಇಂಕ ಕೊಂಚೆಂ ಸೇಪು ಉಂಟೆ…" ಎಂದು ಶುರು ಮಾಡಿ, ಅವ್ವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಇನ್ನು ಸ್ವಲ್ಪ ಹೊತ್ತು ಇದ್ದಿದ್ದರೆ. ಅವರು ಮುಗಿಸಿಬಿಟ್ಟಿದ್ದರೆ ಚೆನ್ನಾಗಿತ್ತೇನೋ. ಮುಗಿಸದೆ ಬಿಟ್ಟ ಆ ಮಾತನ್ನು ಅವ್ವ ರಾತ್ರಿಯೆಲ್ಲ ತಾನೇ ಮುಗಿಸುತ್ತಿದ್ದಳು.

ಅಂದಿನಿಂದ ನಮ್ಮ ಮನೆಗೆ ಹೊಸದೊಂದು ಕ್ರಮ ಬಂತು. ಅವ್ವ ನಡುರಾತ್ರಿಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕೂಗುವುದು, ನಾವು ಹೂಂ ಅನ್ನುವುದು. ಹೂಂ ಅನ್ನದಿದ್ದರೆ ಬಂದು ಅಲುಗಿಸುತ್ತಿದ್ದಳು. ಗಾಢ ನಿದ್ದೆ ಅವಳಿಗೆ ಅನುಮಾನದ ವಸ್ತುವಾಗಿಬಿಟ್ಟಿತ್ತು. ಕಾರು ದೂರದ ಮಾತು, ಕಿಟಕಿ ತೆರೆದ ಪಡಸಾಲೆಯಲ್ಲಿ ಮಲಗಿದವರನ್ನೂ ಅವಳು ನಂಬುತ್ತಿರಲಿಲ್ಲ. ಬೆಳಿಗ್ಗೆ ರೊಟ್ಟಿಯ ಮುಂದೆ ಎಲ್ಲರೂ ಕೆಂಪು ಕಣ್ಣಿನಲ್ಲಿ ಕೂತು ಜಗಳಾಡುತ್ತಿದ್ದೆವು.

"ವೈನಿ, ನಾ ಅಂಗಳದಾಗ ಮಲಗ್ತೀನಿ," ಕಾಕಾ ಬೇಡಿಕೊಂಡ. "ಮ್ಯಾಲೆ ಆಕಾಶ ಐತಿ. ನನ್ನೊಬ್ಬನ್ನರೆ ಬಿಡ್ರಿ."

"ಆಕಾಶದಾಗ ಮಲಗು. ಹೂಂ ಮಾತ್ರ ಅನ್ನಬೇಕು."

ಆಯಿಯ ಉತ್ತರ ಬೇರೆಯೇ ಇತ್ತು. ಅವಳು ಹೂಂ ಅನ್ನುತ್ತಿರಲಿಲ್ಲ. "ಇನ್ನೂ ಅದೀನಿ, ನೀ ಅನ್ಕೊಂಡಂಗ ಆಗಿಲ್ಲ," ಅನ್ನುತ್ತಿದ್ದಳು. ಅತ್ತೆ ಸೊಸೆಯರು ಕತ್ತಲಲ್ಲೇ ಒಂದು ಸುತ್ತು ಮಾತಾಡಿ ಮುಗಿಸುತ್ತಿದ್ದರು. ತಪ್ಪು ಯಾರದೆಂಬ ಜಗಳವಂತೂ ಒಂದು ದಿನವೂ ತಪ್ಪಲಿಲ್ಲ. ತಾನು ಎರಡನೇ ಸಲ ಬಿಗಿಯದೆ ಹೊರಟದ್ದು ತಪ್ಪು ಎಂದು ಅಪ್ಪ, ತಾನು ತೂತಿಗೆ ರಬ್ಬರ್ ಹಾಕಲಿಲ್ಲ ಎಂದು ಕಾಕಾ. ಆಯಿ ಮಾತ್ರ ಸೋಲಲಿಲ್ಲ.

"ಪಾನಾ ಕೊಡದಿದ್ದಾಕಿ ನಾನು, ಮೆಣಸಿನಕಾಯಿ ಹಾಕಿದಾಕೀನೂ ನಾನು. ಸರಿಗೆ ಸರಿ ಆತು. ನೀವಿಬ್ರು ನಿಮ್ಮದು ನೋಡ್ಕೊಳ್ರಿ."

ಅಪ್ಪ ಕಾರನ್ನು ಎತ್ತಿಸಿಕೊಂಡು ಬಂದು ಎಲ್ಲವನ್ನೂ ಮೊದಲಿನಿಂದ ಮಾಡಿದ. ಹೊಸ ಗ್ಯಾಸ್ಕೆ‌ಟ್ ಕೂರಿಸಿದ. ಸೆನ್ಸರನ್ನು ಮೇಲಕ್ಕೆ, ಕೊಳವೆಗಳು ಕೂಡುವ ಜಾಗಕ್ಕೇ ಸರಿಸಿದ, ತಣ್ಣಗಿರುವ ಕಡೆ ಮೂಗು ಸರಿಯಾಗಿ ಮೂಸುವುದಿಲ್ಲವಂತೆ. ಮೀಟರ್ ಕಿತ್ತು ತೂತನ್ನು ತಗಡಿನಿಂದ ಮುಚ್ಚಿದ. ಟಿಕಳಿ ತೆಗೆದರೆ ದೀಪ ಆರಿತ್ತು. ಆಮೇಲೆ ಆಯಿಯನ್ನೇ ಕರೆದು ಮತ್ತೆ ಮೆಣಸಿನಕಾಯಿ ಹಾಕಿಸಿದ. ಅಪ್ಪ ಒಳಗೆ ಗಾಜು ಏರಿಸಿಕೊಂಡು ಕುಳಿತ, ಒಂದು ಸೀನೂ ಬರಲಿಲ್ಲ. ಶೆಡ್ಡಿನಲ್ಲಿದ್ದ ನಾವೆಲ್ಲ ಕೆಮ್ಮಿ ಕೆಮ್ಮಿ ರಸ್ತೆಗೆ ಓಡಿದೆವು. ಅವತ್ತು ಇಡೀ ಓಣಿಗೆ ದೃಷ್ಟಿ ತೆಗೆದಂತಾಯಿತು. ಆದರೂ ಆ ರಾತ್ರಿ ಅವ್ವ ಕೂಗಿದಳು, ಮರುದಿನವೂ ಕೂಗಿದಳು. ಬಸು ಶಾಲೆಯಲ್ಲಿ ಬೆಂಚಿನ ಮೇಲೆ ಮಲಗಿಬಿಡುತ್ತಾನೆಂದು ಟೀಚರು ಹೇಳಿಕಳಿಸಿದರು. ಅದನ್ನು ಕೇಳಿ ಅವ್ವ ಶಾಲೆಗೇ ಓಡಿದಳು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು, ಚಹಾಕ್ಕೆ ಉಪ್ಪು ಹಾಕುತ್ತಿದ್ದಳು.

"ಎಲ್ಲಾ ಸರಿ ಮಾಡೀನಲ್ಲ," ಅಂದ ಅಪ್ಪ ಒಂದು ಬೆಳಿಗ್ಗೆ, ಉಪ್ಪಿನ ಚಹಾ ಕೆಳಗಿಟ್ಟು. "ಇನ್ನೂ ಯಾಕ ಮಲಗವಲ್ಲಿ?"

"ಬಿಗಿ ಮಾಡೀನಿ ಅಂತ ನೀವು ಹೇಳ್ತೀರಿ. ಅವತ್ತೂ ಹೇಳಿದ್ರಿ. ನನ್ನ ಕೈಗೇನು ಗೊತ್ತೈತಿ?"

ಅಪ್ಪ ಶೆಡ್ಡಿಗೆ ಹೋಗಿ ಹನ್ನೆರಡು ನಂಬರಿನ ಪಾನಾ ತಂದು, ಒರೆಸಿ, ರೊಟ್ಟಿ ಬಡಿಯುತ್ತಿದ್ದ ಅವಳ ಕೈಗೆ ಕೊಟ್ಟ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗ್ಯಾರೇಜಿನ ಕೆಲಸಕ್ಕೆಂದು ಮೊದಲ ಸಲ ಆ ಹೊಸ್ತಿಲನ್ನು ಆ ಕಡೆಗೆ ದಾಟಿದಳು. ಎಂಜಿನ್ ರಾತ್ರಿಯೆಲ್ಲ ಆರಿ ತಣ್ಣಗಿತ್ತು. ಅಪ್ಪ ತೋರಿಸಿದ ಮೊದಲ ಬೋಲ್ಟಿಗೆ ಪಾನಾ ಹಾಕಿ ಜಗ್ಗಿದಳು. ಅದು ಕೂದಲೆಳೆಯಷ್ಟು ತಿರುಗಿತು.

"ತಿರುಗ್ತು! ನೋಡ್ರಿ, ತಿರುಗ್ತು!"

"ಇನ್ನೂ ಕುಂದ್ರಾಕತ್ತೈತಿ ಅದು," ಅಪ್ಪ ತಲೆ ಕೆರೆದುಕೊಂಡ. "ಕಾಯಿಸಿ ಆರಿಸಿ ಬಿಗಿ ಮಾಡ್ತಾ ಹೋಗ್ಬೇಕು, ನಿಲ್ಲೋತನ."

"ಹಂಗಾದ್ರ ಕಾಯಿಸ್ರಿ."

ಅವತ್ತು ಗ್ಯಾರೇಜಿಗೆ ಬಂದವರೆಲ್ಲ ನಾಳೆ ಬನ್ನಿ ಎಂದು ಹೇಳಿಸಿಕೊಂಡು ಹೋದರು. ಎಂಜಿನ್ ಕಾಯಿಸುವುದು, ಅದು ಆರುವವರೆಗೆ ಅವ್ವ ಒಳಗೆ ಹೋಗಿ ಪಲ್ಯ ಮಾಡುವುದು, ಬಂದು ಎಲ್ಲ ಬೋಲ್ಟೂ ಬಿಗಿಯುವುದು, ಮತ್ತೆ ಕಾಯಿಸುವುದು. ಅವಸರದಲ್ಲಿ ಅವಳು ಬಕೆಟ್ಟನ್ನು ಮರೆತು ಗ್ರೀಸಿನ ಕೈಯಲ್ಲೇ ಒಳಗೆ ಬಂದದ್ದನ್ನು ಆಯಿ ಕಂಡು ಕಾಕಾನ ಕಡೆ ನೋಡಿ ಹುಬ್ಬು ಹಾರಿಸಿದಳು. ಬೋಲ್ಟು ಪ್ರತಿ ಸಲವೂ ಇನ್ನಷ್ಟು ಕಡಿಮೆ ತಿರುಗಿತು. ಸಂಜೆಯ ಹೊತ್ತಿಗೆ ಅವ್ವ ಪಾನಾದ ಮೇಲೆ ಎರಡೂ ಕೈ ಇಟ್ಟು ಜಗ್ಗಿದಳು. ಅದು ಅಲ್ಲಾಡಲಿಲ್ಲ. ಮುಂದಿನದೂ ಅಲ್ಲಾಡಲಿಲ್ಲ. "ಸಾಕು ಮಾರಾಯ್ತಿ, ಇನ್ನ ಜಗ್ಗಿದ್ರ ಮುರಿತೈತಿ," ಅಂದ ಅಪ್ಪ. ಅವ್ವ ಪಾನಾ ಕೆಳಗಿಟ್ಟು ತನ್ನ ಅಂಗೈ ನೋಡಿಕೊಂಡಳು. ಬೊಬ್ಬೆ ಎದ್ದಿದ್ದವು. ಊಟಕ್ಕೆ ಕೂತಾಗ ತೋಳು ಎತ್ತಲಾಗದೆ ಬಸುವಿನ ಕೈಯಿಂದ ಒಂದು ತುತ್ತು ಹಾಕಿಸಿಕೊಂಡಳು.

ಮರುದಿನ ನನಗೆ ಎಚ್ಚರವಾದಾಗ ಪಡಸಾಲೆಯ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಅಪ್ಪ, ಬಸು, ಆಯಿ ಎಲ್ಲರೂ ಮಲಗಿದ್ದ ಹಾಗೇ ಇದ್ದರು. ರಾತ್ರಿ ಯಾರೂ ನನ್ನ ಹೆಸರು ಕೂಗಿರಲಿಲ್ಲ. ಅವ್ವ ಧಡಕ್ಕನೆ ಎದ್ದು ಕುಳಿತಳು. ಬಿಸಿಲು ನೋಡಿದಳು, ನಮ್ಮನ್ನು ನೋಡಿದಳು. ಅವಳ ಕೈ ಬಸುವಿನ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಅವಳು ಅವನ ಹೊಟ್ಟೆ ಏರಿ ಇಳಿಯುವುದನ್ನು ಒಂದಿಷ್ಟು ಹೊತ್ತು ನೋಡಿ, ಮುಟ್ಟದೆ ಎದ್ದು ಹೋಗಿ ಬಾಗಿಲು ತೆಗೆದಳು. ಹಾಲಿನ ಈರಮ್ಮ.

"ಎಷ್ಟೊತ್ತಿಂದ ಬಡಿಯಾಕತ್ತೀನಿ! ಏನಾತ ಯವ್ವಾ ನಿಮ್ಮನಿಗೆ, ಒಬ್ರೂ ಏಳಂಗಿಲ್ಲಂತೀನಿ?"

"ಮೆಲ್ಲಗ ಮಾತಾಡವ್ವ," ಅಂದಳು ಅವ್ವ ಪಾತ್ರೆ ಹಿಡಿದು. "ಎಲ್ಲಾರೂ ಮಲಗ್ಯಾರ."